ಪಿಯಾನೊಗೆ ಚಳಿ

"ಹಳೇ ಜೀಪು ಸ್ಟಾರ್ಟ್ ಆಗೋ ಹಂಗೈತಲ್ಲೋ ಆಲ್ಸ್ಟನ್, ನಿನ್ನ ಕೈ. ಹಿಂದಿಂದ ತಳ್ಳಕ್ಕೆ ಜನ ಕರೀಲೇನೋ?"

ಬೊನಿಫಾಸ್ ಮಾಸ್ಟ್ರು ಇದನ್ನು ಅಂದದ್ದು ಚರ್ಚಿನ ಇಡೀ ಹಾಡಿನ ತಂಡದ ಎದುರಿಗೆ. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ಆಲ್ವಿಟಾ ಹಾಡಿನ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಷ್ಟಾದರೂ ಮರ್ಯಾದೆ ಇತ್ತು ಅವಳಿಗೆ.

ನಾನು ಪಿಯಾನೊ ಮುಂದೆ ಕೂತು ಬೆರಳು ಬಿಸಿ ಮಾಡಿಕೊಳ್ಳುತ್ತಿದ್ದೆ. ಹೆಬ್ಬೆರಳಿನಿಂದ ಕಿರುಬೆರಳಿಗೆ, ಕಿರುಬೆರಳಿನಿಂದ ವಾಪಸ್ಸು, ಒಂದೊಂದೇ ಕೀ ಒತ್ತುತ್ತ. ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಎರಡೂ. ಹೀಗೆ ಮಾಡದೆ ಹಾಡು ಮುಟ್ಟಬೇಡ ಅಂತ ಕಲಿಸಿದವರು ಇದೇ ಮಾಸ್ಟ್ರು. ಸ್ಕೂಲು ಬಿಟ್ಟ ಮೇಲೆ ನಾನು ಎಸ್ಟೇಟಿನಲ್ಲಿ ಕಳೆ ಹೊಡೆಯುವ ಮಿಷನ್ ಹಿಡಿದವನು. ಮಿಷನ್ ಆಫ್ ಮಾಡಿದರೂ ಕೈ ಆಫ್ ಆಗುವುದಿಲ್ಲ. ಬೆರಳೊಳಗೆ ಜೇನುನೊಣ ಹೊಕ್ಕ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಅದು ಇಳಿಯಬೇಡವಾ?

"ತೆನೆ ಹಬ್ಬ ಹತ್ರ ಬಂತು," ಅಂದರು ಮಾಸ್ಟ್ರು. "ನಿನ್ನ ಕೈ ಕಾಯ್ಕೊಂಡು ಕೂತ್ರೆ ಹೊಸ ತೆನೆ ಮೊಳಕೆ ಬಂದ್ಬುಡ್ತದೆ. ನಾಳೆ ನನ್ನ ತಂಗಿ ಮಗ ಡಿಲನ್ ಮಂಗಳೂರಿಂದ ಬರ್ತಾನೆ. ಹಬ್ಬದ ಪೂಜೆಗೆ ಯಾರು ನುಡಿಸೋದು ಅಂತ ನಾಳೆನೇ ನೋಡಾಣ."

ಮಾರನೇ ದಿನ ಎಸ್ಟೇಟಿನ ರೈಟರ್ ರಂಗಸ್ವಾಮಿಗೆ ಹೊಟ್ಟೆನೋವು ಅಂತ ಹೇಳಿ ಕೆಲಸ ಬೇಗ ಬಿಟ್ಟೆ.

"ಹೊಟ್ಟೆನೋವಿಗೆ ಬೆರಳು ಯಾಕೋ ಮಡಚ್ತಿದೀಯ, ಮಾರಾಯ?" ಅಂದ.

ಚರ್ಚಿನಲ್ಲಿ ಕರೆಂಟಿರಲಿಲ್ಲ. ಹೆತ್ತೂರು ಕಡೆ ಲೈನಿನ ಮೇಲೆ ಮರ ಬಿದ್ದಿತ್ತು. ನಮ್ಮ ಪಿಯಾನೊದ ಹೊಟ್ಟೆಯಲ್ಲಿ ಮಳೆಗಾಲ ಮುಗಿಯುವ ತನಕ ಒಂದು ಬಲ್ಬು ಉರಿಯುತ್ತಿರಬೇಕು. ಅದು ಆರಿದರೆ ಥಂಡಿಗೆ ಮರ ಊದಿಕೊಂಡು, ಒತ್ತಿದ ಕೀ ಕೆಳಗೇ ಕೂತುಬಿಡುತ್ತದೆ. ಅರ್ಧಕ್ಕರ್ಧ ಕೂತಿದ್ದವು.

ಎಸ್ಟೇಟಿನ ಕೂಲಿ ಲೈನಿನಲ್ಲಿದ್ದ ನಮ್ಮ ಮನೆಗೆ ಓಡಿದೆ. ಅಮ್ಮ ಅಗ್ಗಿಷ್ಟಿಕೆಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಬಟ್ಟೆ ಸರಿಸಿ, ಅಗ್ಗಿಷ್ಟಿಕೆಯನ್ನು ಕೆಂಡ ಸಮೇತ ಎತ್ತಿಕೊಂಡೆ.

"ನಿನ್ನ ಅಂಗಿನೇ ಹಸಿ ಐತೆ ಕಣೋ. ಎಲ್ಲಿಗೆ ಹೊತ್ಕೊಂಡು ಹೊಂಟೆ?"

"ಪಿಯಾನೊಗೆ ಚಳಿ."

ಪೆಡಲಿನ ಮೇಲಿನ ಹಲಗೆ ಬಿಚ್ಚಿ, ಮರ ಸುಡದಷ್ಟು ದೂರದಲ್ಲಿ ಕೆಂಡ ಇಟ್ಟೆ. ಕೈಗಳನ್ನೂ ಅಲ್ಲೇ ಚಾಚಿದೆ. ಸುಮಾರು ಹೊತ್ತಿನ ಮೇಲೆ ಕೀಗಳು ಒಂದೊಂದಾಗಿ ಮೇಲೆದ್ದವು. ಎಡಗೈ, ಬಲಗೈ, ಎರಡೂ. ಬೆರಳೊಳಗಿನ ನೊಣ ಎದ್ದು ಹೋಯಿತು. ಹಬ್ಬದ ಹಾಡು ಮೊದಲಿನಿಂದ ಕೊನೆಯವರೆಗೆ ಎಲ್ಲೂ ಎಡವದೆ ಬಂತು. ಕೇಳಲು ಒಬ್ಬರೂ ಇರಲಿಲ್ಲ.

ಆಮೇಲೆ ಎಲ್ಲರೂ ಕೊಡೆ ಕೊಡವುತ್ತ ಬಂದರು. ನಾನು ಎದ್ದು ನಿಂತೆ. ಡಿಲನ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ, ಕೂತವನೇ ಹಾಡಿಗೇ ಇಳಿದ. ಮೊದಲು ಎಡಗೈ, ಆಮೇಲೆ ಬಲಗೈ ಅನ್ನುವುದೇನೂ ಇಲ್ಲ. ಚೆನ್ನಾಗಿ ನುಡಿಸಿದ. ಸುಳ್ಳು ಯಾಕೆ, ನನಗಿಂತ ಚೆನ್ನಾಗಿ ನುಡಿಸಿದ. ಅದು ಮುಗಿದ ಮೇಲೆ ನನ್ನ ಸರದಿ ಅಂತ ಅಂಗಿಯ ತೋಳು ಮಡಚಿಕೊಂಡೆ.

"ಇನ್ನೇನು ನೋಡೋದೈತೆ, ಡಿಲನ್ನೇ ಕೂರಲಿ," ಅಂದರು ಮಾಸ್ಟ್ರು. ಆಗ ಅವರ ಕಣ್ಣು ಕೆಳಗಿನ ಅಗ್ಗಿಷ್ಟಿಕೆಯ ಮೇಲೆ ಬಿತ್ತು. "ಇದು ಯಾರ ಕೆಲಸ?"

ಆಲ್ವಿಟಾ ನನ್ನ ಕಡೆ ಬೆರಳು ತೋರಿಸಿದಳು.

"ಅದಕ್ಕೇ ಕೀ ಇಷ್ಟು ಹಗುರ ಇತ್ತು," ಅಂದ ಡಿಲನ್. "ಥ್ಯಾಂಕ್ಸ್ ಕಣೋ."

ಮಾಸ್ಟ್ರು ನನ್ನ ಹೆಗಲ ಮೇಲೆ ಕೈ ಇಟ್ಟರು. ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಭೇಷಾಗೈತೆ ಕಣೋ. ಹಬ್ಬದ ತನಕ ದಿನಾ ಬೇಗ ಬಂದು ಹಿಂಗೇ ಬಿಸಿ ಮಾಡಿಕ್ಕು, ಡಿಲನ್‌ಗೆ ಸಲೀಸಾಗ್ತದೆ. ನಾಳೆ ಬರ್ತೀಯಲ್ಲ?"

ಬಗ್ಗಿ, ತಂದಿದ್ದ ಗೋಣಿಬಟ್ಟೆಯಿಂದ ಹಿಡಿದು ಅಗ್ಗಿಷ್ಟಿಕೆ ಎತ್ತಿದೆ. ಬಾಗಿಲ ಹತ್ತಿರ ದಾರಿ ಬಿಟ್ಟರು.

"ಆಲ್ಸ್ಟನ್, ಕೇಳ್ತಾ ಇರೋದು ನಿನ್ನನ್ನೇ. ಬರ್ತೀಯಲ್ಲ?"

ಹೊರಗೆ ಮೊದಲ ಹನಿಗೇ ಕೆಂಡ ಚುಯ್ ಅಂದಿತು. ಮಳೆ ತಾಗದ ಹಾಗೆ ಅದರ ಮೇಲೆ ಬಾಗಿಕೊಂಡು ಮನೆ ಕಡೆ ನಡೆದೆ.