ಬಿಸಿಗಲ್ಲು ತಣ್ಣಗಾದ ಚಳಿಗಾಲ

ಸ್ನಾನದ ವಿಷಯದಲ್ಲಿ ನಮ್ಮೂರಾದ ಕಾನ್‌ಸ್ಟಂಟೀನಿನ ಹೆಂಗಸರಿಗೆ ತಿಳಿಯದ್ದೇನೂ ಇಲ್ಲವೆಂಬುದು ಕಾನ್‌ಸ್ಟಂಟೀನಿನ ಹೆಂಗಸರ ಅಭಿಪ್ರಾಯ. ಹಾಗಾಗಿ ಫೆರ್ಯಾಲ್ ಎಂಬ ಇಂಜಿನಿಯರ್ ಹುಡುಗಿ ನೀರು ಕಾಯಿಸುವ ಹೊಸ ರೀತಿಯನ್ನು ತೋರಿಸಲು ನಮ್ಮ ಓಣಿಯ ಹಮ್ಮಾಮಿಗೆ, ಅಂದರೆ ಎಲ್ಲರೂ ಮೀಯಲು ಬರುವ ಸ್ನಾನದ ಮನೆಗೆ ಬಂದಾಗ, ಕುಸ್ಕುಸ್ ಬೇಯಿಸುವುದನ್ನು ಹೇಳಿಕೊಡಲು ಯಾರೋ ಬಂದರೇನೋ ಎಂಬಂತೆ ನಾವೆಲ್ಲ ಮುಸಿಮುಸಿ ನಕ್ಕೆವು.

ಹಮ್ಮಾಮಿನ ಒಡತಿ ಲಲ್ಲಾ ಖದ್ದೂಜ್. ಅವರಿಗೆ ಹಮ್ಮಾಮು ಮಾವನಿಂದ ಬಂದದ್ದು, ನಾಲಗೆ ತವರಿನಿಂದ. ಗೋಡೆಯಾಚೆಯ ಒಲೆಮನೆಯಲ್ಲಿ ಕೋಣೆಯಷ್ಟು ದೊಡ್ಡ ತಾಮ್ರದ ಹಂಡೆ, ಅದರ ಕೆಳಗೆ ಬುಸುಗುಡುವ ಗ್ಯಾಸ್ ಒಲೆ. ಅವರ ಮಾವನ ಕಾಲದಲ್ಲಿ ಕಟ್ಟಿಗೆ ಉರಿಯುತ್ತಿದ್ದ ಜಾಗಕ್ಕೆ ಗ್ಯಾಸಿನ ಕೊಳವೆ ಬಂದಿತ್ತು, ಉಳಿದದ್ದೆಲ್ಲ ಹಾಗೇ ಇತ್ತು.

ಫೆರ್ಯಾಲಳ ಇಲಾಖೆ ಆ ಹಂಡೆಯ ಜಾಗದಲ್ಲಿ ಬೀರುವಿನಷ್ಟು ಎತ್ತರದ ಬಿಳಿ ಯಂತ್ರವೊಂದನ್ನು ನಿಲ್ಲಿಸಿತು. ಕರಾರು ಸರಳ. ಒಂದು ಚಳಿಗಾಲ ಪರೀಕ್ಷೆ. ಕೊನೆಗೆ ಲಲ್ಲಾ ‘ಇರಲಿ’ ಎಂದರೆ ಯಂತ್ರ ಉಳಿಯುತ್ತದೆ, ಊರಿನ ಉಳಿದ ಹಮ್ಮಾಮುಗಳಿಗೂ ಹೋಗುತ್ತದೆ. ‘ಬೇಡ’ ಎಂದರೆ ಲಾರಿ ಬರುತ್ತದೆ, ಯೋಜನೆಯ ಕಥೆ ಅಲ್ಲಿಗೆ ಮುಗಿಯುತ್ತದೆ. ಈ ಯೋಜನೆಗಾಗಿ ಫೆರ್ಯಾಲ್ ರಾಜಧಾನಿಯ ಒಳ್ಳೆಯ ಕುರ್ಚಿಯೊಂದನ್ನು ಬಿಟ್ಟು ಬಂದಿದ್ದಾಳೆಂದು ಅವಳ ಅತ್ತೆಯಿಂದಲೇ ನಮಗೆ ಗೊತ್ತಾಯಿತು. ಅತ್ತೆಗೆ ಅದು ಹೆಮ್ಮೆಯ ಸಂಗತಿಯಾಗಿರಲಿಲ್ಲ.

ಯಂತ್ರದ ಹೊಗೆ ಒಂದು ಪ್ಲಾಸ್ಟಿಕ್ ಕೊಳವೆಯಿಂದ ಓಣಿಗೆ ಬೀಳುತ್ತಿತ್ತು. ಫೆರ್ಯಾಲ್ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸುತ್ತಿದ್ದಳು.

“ಕೈ ಒಡ್ಡಿ ನೋಡಿ ಲಲ್ಲಾ. ಬೆಚ್ಚಗಷ್ಟೇ ಇದೆ, ಅಲ್ವಾ? ಹಳೆ ಚಿಮಣಿ ಹತ್ರ ಹೀಗೆ ಒಡ್ಡಿದ್ರೆ ಕೈ ಬೆಂದು ಹೋಗ್ತಿತ್ತು. ಅಷ್ಟೂ ಶಾಖ ಈಗ ಒಳಗೇ, ನೀರಲ್ಲೇ ಉಳೀತು.”

“ಹೊಗೆ ತಣ್ಣಗಿದ್ರೆ ನನಗೇನಮ್ಮಾ? ಹೊಗೆಗೆ ಸ್ನಾನ ಮಾಡಿಸ್ತೀನಾ ನಾನು?” ಅಂದರು ಲಲ್ಲಾ ಖದ್ದೂಜ್.

ಆದರೂ ಗ್ಯಾಸ್ ಮೀಟರಿನ ಮುಳ್ಳು ನಿಧಾನವಾದದ್ದನ್ನು ಅವರು ಕದ್ದು ನೋಡುತ್ತಿದ್ದರು. ಮೊದಲ ವಾರಗಳು ಚೆನ್ನಾಗಿಯೇ ನಡೆದವು. ಚಳಿ ಬಲಿತು ಊರನ್ನು ಸೀಳುವ ಕಮರಿಯಿಂದ ಗಾಳಿ ಏಳತೊಡಗಿದ ಮೇಲೆ ಗೊಣಗಾಟ ಶುರುವಾಯಿತು.

“ಈ ನೀರಿಗೆ ಸತ್ವ ಇಲ್ಲ,” ಎಂದಳು ಮೈ ತಿಕ್ಕುವ ಮೆಸ್ಸೌದಾ. ಹಮ್ಮಾಮಿನಲ್ಲಿ ಅವಳ ಮಾತಿಗೆ ಮೇಲ್ಮನವಿ ಇಲ್ಲ. “ಹಂಡೇಲಿ ಕಾದ ನೀರು ಮೂಳೆವರೆಗೂ ಇಳೀತಿತ್ತು. ಇದು ಚರ್ಮದ ಮೇಲೇ ಸಲಾಂ ಹೇಳಿ ವಾಪಸ್ ಹೋಗತ್ತೆ.”

ಆಮೇಲೆ ಒಬ್ಬೊಬ್ಬರದೂ ಒಂದೊಂದು ಸಿದ್ಧಾಂತ. ಅವಸರದಲ್ಲಿ ಕಾದ ನೀರು ಹಾಗೇ ಅಂತೆ. ತಾಮ್ರ ಮುಟ್ಟದ ನೀರು ಕುರುಡು ಅಂತೆ. ಒಲೆಯ ಸದ್ದಿಲ್ಲದೆ ಬೇಸತ್ತ ಜಿನ್ನುಗಳು ಬೇರೆ ಹಮ್ಮಾಮಿಗೆ ವಲಸೆ ಹೋಗಿವೆ ಅಂತೆ. ಫೆರ್ಯಾಲ್ ಎಲ್ಲವನ್ನೂ ನಗದೆ ಕೇಳಿದಳು. ಹಮ್ಮಾಮು ಮುಚ್ಚಿದ ಹೊತ್ತಿನಲ್ಲಿ ತನ್ನವರೊಂದಿಗೆ ಬಂದು ಪ್ರತಿ ನಲ್ಲಿಗೂ ಮಾಪಕ ಹಿಡಿದಳು. ನೀರು ಬೇಕಾದ್ದಕ್ಕಿಂತ ಬಿಸಿಯಾಗಿಯೇ ಇತ್ತು. ಆದರೂ ನಮ್ಮ ಸಮಾಧಾನಕ್ಕೆಂದು ಇನ್ನಷ್ಟು ಏರಿಸಿದಳು. ಮರುದಿನ ಒಬ್ಬಾಕೆ ಬೊಗಸೆ ಸುಟ್ಟುಕೊಂಡು ಕಿರುಚಿದಳು: “ಸುಡತ್ತೆ, ಆದ್ರೆ ಬಿಸಿ ಇಲ್ಲ!”

ನಗಬೇಡಿ. ಅಲ್ಲಿದ್ದ ಎಲ್ಲರಿಗೂ ಅದು ಸರಿಯಾಗಿ ಅರ್ಥವಾಯಿತು.

ಹೆರಿಗೆಯಾದ ನಲವತ್ತನೆಯ ದಿನ ಬಾಣಂತಿಯನ್ನು ಹಮ್ಮಾಮಿಗೆ ಕರೆತಂದು, ನಡುವಿನ ಬಿಸಿಗಲ್ಲಿನ ಹಾಸಿನ ಮೇಲೆ ಮಲಗಿಸಿ, ಸೊಂಟಕ್ಕೆ ಎಣ್ಣೆ ತಿಕ್ಕಿ ಎಬ್ಬಿಸುವುದು ನಮ್ಮಲ್ಲಿ ಮದುವೆಯಷ್ಟೇ ಗಂಭೀರವಾದ ಕೆಲಸ. ಹಾಗೆ ಬಂದ ಇಬ್ತಿಸ್ಸಾಮ್ ಎಂಬ ಬಾಣಂತಿ ಸ್ವಲ್ಪ ಹೊತ್ತಿಗೇ ನಡುಗುತ್ತ ಎದ್ದು ಕೂತಳು. ಅವಳ ಅತ್ತೆ ಒಂದು ಮಾತೂ ಆಡದೆ ಸೊಸೆಗೆ ಕಂಬಳಿ ಸುತ್ತಿ, ಮೇಣದಬತ್ತಿ, ಕಿತ್ತಳೆ, ಮಿಠಾಯಿ ಎಲ್ಲ ಗಂಟು ಕಟ್ಟಿ, ಸೇತುವೆಯಾಚೆಯ ಹಮ್ಮಾಮಿಗೆ ಹೊರಟುಬಿಟ್ಟಳು. ಬೈದು ಹೋಗಿದ್ದರೆ ಲಲ್ಲಾ ಖದ್ದೂಜ್ ತಡೆದುಕೊಳ್ಳುತ್ತಿದ್ದರು.

“ತಿಂಗಳ ಕೊನೆಗೆ ಲಾರಿ ತರಿಸು ಮಗಳೇ,” ಎಂದರು ಫೆರ್ಯಾಲಳಿಗೆ. “ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅದೇ ನನಗೆ ಬೇಜಾರು.”

ಆ ಗುರುವಾರ ಹೆಂಗಸರ ಹೊತ್ತಿನಲ್ಲಿ ಫೆರ್ಯಾಲ್ ಬಂದಳು. ಮೇಲಂಗಿ, ಮಾಪಕ ಯಾವುದೂ ಇಲ್ಲ. ಕೈಯಲ್ಲಿ ಬಕೆಟ್ಟು, ಬಟ್ಟಲು, ಮೈ ತಿಕ್ಕುವ ಕೈಗವಸು. ನಾನು ಪಕ್ಕಕ್ಕೆ ಸರಿದು ಜಾಗ ಕೊಟ್ಟೆ.

“ಬಾ, ಇಂಜಿನಿಯರ್ ತಾಯಿ,” ಎಂದು ಮೆಸ್ಸೌದಾ ಅವಳ ಬೆನ್ನಿಗೆ ಕೈ ಹಾಕಿದಳು. “ಮನೇಲಿ ಸ್ನಾನ ಮಾಡೋಳು ಅನ್ನೋದು ಮೊಣಕೈ ನೋಡಿದ್ರೇ ಗೊತ್ತಾಗತ್ತೆ. ಇಷ್ಟು ಕೊಳೆ ಇಟ್ಕೊಂಡು ನಮ್ಮ ನೀರು ಪರೀಕ್ಷೆ ಮಾಡ್ತಿದ್ಯಾ?”

“ನಿಧಾನ ಖಾಲಾ, ಚರ್ಮ ನಂದೇ.”

“ಇನ್ನು ಸ್ವಲ್ಪ ಹೊತ್ತು ಅಷ್ಟೆ.”

ತಿಕ್ಕಿಸಿಕೊಂಡು, ನೀರು ಹೊಯ್ದುಕೊಂಡು, ಕೆಂಪಗಾದ ಹುಡುಗಿ ಎಲ್ಲರಂತೆ ಬಿಸಿಗಲ್ಲಿನ ಮೇಲೆ ಅಂಗಾತ ಮಲಗಿದಳು. ಕಣ್ಣು ಮುಚ್ಚಿದಳು. ಆಮೇಲೆ ಕಣ್ಣು ತೆರೆದು ಗುಮ್ಮಟದ ಗಾಜುಬಿಲ್ಲೆಗಳನ್ನು ನೋಡುತ್ತ ಕೇಳಿದಳು:

“ಈ ಕಲ್ಲು ಯಾವಾಗಿಂದ ತಣ್ಣಗಿದೆ?”

“ನೀರು ಸರಿ ಇಲ್ದಾಗಿಂದ,” ಎಂದಳು ಮೆಸ್ಸೌದಾ.

“ನೀರು ಬಿಟ್ಬಿಡಿ ಖಾಲಾ. ಕಲ್ಲು?”

ವಾರಗಟ್ಟಲೆ ನಾವೆಲ್ಲ ಆ ಕಲ್ಲಿನ ಮೇಲೆ ಕೂತೇ ನೀರನ್ನು ಬೈದಿದ್ದೆವು. ಬದಲಾದದ್ದು ನೀರು ಕಾಯಿಸುವ ಯಂತ್ರ, ಅಂದಮೇಲೆ ತಪ್ಪು ನೀರಿನದೇ. ಕಲ್ಲು ತಣ್ಣಗಿದೆಯೆಂದರೆ ಅದರ ಮೇಲೆ ಹೊಯ್ಯುವ ನೀರೇ ಸಪ್ಪೆ ಎಂದರ್ಥ. ನಮ್ಮ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಅದನ್ನೇ ನಂಬಿ ಫೆರ್ಯಾಲಳೂ ನಲ್ಲಿಯಿಂದ ನಲ್ಲಿಗೆ ಅಲೆದಿದ್ದಳು.

ಅವಳು ತಟಕ್ಕನೆ ಎದ್ದು, ಸುತ್ತಿಕೊಂಡ ಬಟ್ಟೆಯ ಮೇಲೆ ಕೋಟು ಎಳೆದುಕೊಂಡು ಒಲೆಮನೆಯತ್ತ ಓಡಿದಳು.

“ಒದ್ದೆ ತಲೇಲಿ ಹೊರಗೆ ಹೋಗ್ಬೇಡ, ಸಾಯ್ತೀಯ!” ಎಂದು ಲಲ್ಲಾ ಖದ್ದೂಜ್ ಟವೆಲು ಹಿಡಿದು ಹಿಂದೆ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕುತೂಹಲಕ್ಕೆ ನಾನೂ ಬಟ್ಟೆ ಸುತ್ತಿಕೊಂಡು ಹೋದೆ.

ಫೆರ್ಯಾಲ್ ಹಳೆಯ ಒಲೆಯ ಬಾಯಿಗೆ ತಲೆ ತೂರಿಸಿದ್ದಳು. ಹೊರಗೆ ಬಂದಾಗ ಮೆಸ್ಸೌದಾಳ ಶ್ರಮವೆಲ್ಲ ವ್ಯರ್ಥವಾಗಿತ್ತು, ಮುಖದ ತುಂಬ ಮಸಿ.

“ಲಲ್ಲಾ, ತಪ್ಪು ನಂದು,” ಎಂದಳು. “ನಿಮ್ಮ ಹಂಡೆ ಶಾಖ ಪೋಲು ಮಾಡತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಅದು ಪೋಲಾಗ್ತಿರ್ಲಿಲ್ಲ. ಹೊಗೆ ಸೀದಾ ಚಿಮಣಿಗೆ ಹೋಗ್ತಿರ್ಲಿಲ್ಲ, ನೆಲದ ಕೆಳಗಿನ ಸುರಂಗದಲ್ಲಿ ಸುತ್ತಿ, ಕಲ್ಲು ಕಾಯ್ಸಿ, ಆಮೇಲೆ ಹೋಗ್ತಿತ್ತು. ನಾನು ಹೊಗೇನ ತಣ್ಣಗೆ ಮಾಡ್ದೆ. ಕಲ್ಲೂ ತಣ್ಣಗಾಯ್ತು.”

“ಅಂದ್ರೆ ನೀರು ಚೆನ್ನಾಗೇ ಇತ್ತಾ?”

“ಮೊದಲಿಂದ್ಲೂ.”

“ಇದನ್ನ ಮೆಸ್ಸೌದಾಗೆ ನೀನೇ ಹೇಳು. ನಂಗೆ ಜೀವದ ಮೇಲೆ ಆಸೆ ಇದೆ.”

ಅಲ್ಲೇ ನಿಂತು ಫೆರ್ಯಾಲ್ ತನ್ನ ಮೇಲಧಿಕಾರಿಗೆ ಫೋನ್ ಮಾಡಿದಳು. ಆತನ ದನಿ ಫೋನಿನಿಂದ ಹೊರಗೆ ಚೆಲ್ಲುತ್ತಿತ್ತು: “ಪರೀಕ್ಷೆ ಮಾಡೋದು ನೀರು ಕಾಯ್ಸೋ ಯಂತ್ರನ ತಾಯಿ, ನೆಲ ಅಲ್ಲ. ನಿನ್ನ ಫಲಿತಾಂಶ ಅದ್ಭುತವಾಗಿದೆ. ಸುಮ್ನೆ ಯಾಕೆ ಕೆಡಿಸ್ತೀಯ?”

“ಸೀ ಲಮೀನ್, ಹಮ್ಮಾಮಿಗೆ ಬರೋರು ಆ ಲೆಕ್ಕ ನೋಡ್ಕೊಂಡು ಬರಲ್ಲ. ಬಾಣಂತಿ ನಡುಗಿ ಎದ್ದು ಹೋದ್ಮೇಲೆ ಅದು ಯಾವ ಸೀಮೆ ಅದ್ಭುತ? ಕಲ್ಲು ತಣ್ಣಗಾಯ್ತು ಅನ್ನೋದನ್ನ ಮೊದಲ ಸಾಲಲ್ಲೇ ಬರೀತೀನಿ. ಆಮೇಲೆ ಸರಿ ಮಾಡ್ತೀನಿ.”

ಓದಿದವರು ತಪ್ಪನ್ನು ಅಡಿಟಿಪ್ಪಣಿಗೆ ತಳ್ಳುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೊದಲ ಸಾಲಿನಲ್ಲಿ ಕೂರಿಸುವವಳನ್ನು ನೋಡಿದ್ದು ಅವತ್ತೇ. ಆ ಮಸಿ ಅವಳ ಮುಖಕ್ಕೆ ಚೆನ್ನಾಗಿ ಒಪ್ಪುತ್ತಿತ್ತು.

ಹಮ್ಮಾಮು ಕೆಲವು ದಿನ ಮುಚ್ಚಿತು. ಹೊಗೆ ಹೋಗುತ್ತಿದ್ದ ಸುರಂಗದೊಳಗೆ ಅವಳೂ ಅವಳ ಜನರೂ ತೆವಳಿ, ಕಲ್ಲಿನ ತಳಕ್ಕೆ ಒತ್ತಿದಂತೆ ನೀರಿನ ಕೊಳವೆಗಳನ್ನು ಸುತ್ತಿಸಿದರು. ಬಿಸಿನೀರು ಯಂತ್ರದಿಂದ ಹೊರಟು, ಕಲ್ಲಿನಡಿ ಹಾದು, ಶಾಖವನ್ನೆಲ್ಲ ಅಲ್ಲಿ ಬಿಟ್ಟು ತಣ್ಣಗಾಗಿ ಮರಳುತ್ತಿತ್ತು. ಹಾಗೆ ತಣ್ಣಗೆ ಮರಳಿದ ನೀರು ಯಂತ್ರದ ಹೊಗೆಯಿಂದ ಇನ್ನೂ ಹೆಚ್ಚು ಶಾಖವನ್ನು ಹಿಂಡಿಕೊಳ್ಳುತ್ತದಂತೆ. ಗ್ಯಾಸು ಮೊದಲಿಗಿಂತ ಸ್ವಲ್ಪ ಹೆಚ್ಚು ಉರಿಯಿತು, ಆದರೂ ಹಂಡೆಯ ಕಾಲಕ್ಕಿಂತ ಎಷ್ಟೋ ಕಡಿಮೆ.

ತಿಂಗಳ ಕೊನೆ ಬಂತು. ಫೆರ್ಯಾಲ್ ಉತ್ತರ ಕೇಳಲು ಬಂದಾಗ ಲಲ್ಲಾ ಖದ್ದೂಜ್ ಗಲ್ಲಾದ ಬಳಿ ಇರಲಿಲ್ಲ. ಒಳಗೆ, ಗುರುವಾರದ ಗದ್ದಲದ ನಡುವೆ, ಬಿಸಿಗಲ್ಲಿನ ನಟ್ಟನಡುವೆ ಒಡತಿಯೇ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಸುತ್ತ ಜಾಗಕ್ಕಾಗಿ ಕಾಯುತ್ತಿದ್ದವರ ಸಾಲು ಗೊಣಗುತ್ತಿತ್ತು.

“ಎಬ್ಬಿಸಲಾ?” ಎಂದೆ.

“ನೀವು ಎಬ್ಬಿಸಿ, ನಾನು ದೂರ ನಿಂತು ನೋಡ್ತೀನಿ,” ಎಂದಳು ಮೆಸ್ಸೌದಾ. ಆಮೇಲೆ ಫೆರ್ಯಾಲಳತ್ತ ತಿರುಗಿ, “ನೀರು ಈಗ ದಾರಿಗೆ ಬಂತು ನೋಡು,” ಎಂದಳು. ಫೆರ್ಯಾಲ್ ಹೌದೆಂದು ತಲೆಯಾಡಿಸಿದಳು.

ಕೊನೆಗೆ ಯಾರದೋ ಮಗು ಕಾಲ ಮೇಲೆ ನೀರು ಚೆಲ್ಲಿ ಲಲ್ಲಾ ಎದ್ದರು. ಎದುರಿಗೆ ಫೆರ್ಯಾಲ್.

“ನೀನಾ! ಯಾರು ಹೇಳಿದ್ರು ನಿಂಗೆ ಇಷ್ಟು ಬಿಸಿ ಮಾಡು ಅಂತ? ಒಂದ್ಸಲ ಮಲಗಿದೋರು ಏಳೋದೇ ಇಲ್ಲ. ಹೀಗಾದ್ರೆ ಸಾಲಲ್ಲಿರೋರು ಒಳಗೆ ಬರೋದು ಯಾವಾಗ? ನನ್ನ ವ್ಯಾಪಾರ ಹಾಳಾಗತ್ತೆ!”

“ಕಲ್ಲಿನ ಶಾಖಕ್ಕೆ ಬೇರೆ ತಿರುಗಣಿ ಇದೆ ಲಲ್ಲಾ. ಸ್ವಲ್ಪ ತಗ್ಗಿಸ್ತೀನಿ, ಬಿಡಿ.”

“ಆ ತಿರುಗಣಿ ಮುಟ್ಟಿದ್ರೆ ಕೈ ಮುರೀತೀನಿ,” ಎಂದು ಲಲ್ಲಾ ಖದ್ದೂಜ್ ಇನ್ನೊಂದು ಮಗ್ಗುಲಿಗೆ ಹೊರಳಿದರು.