ಊಟ ಮಾಡದ ನಾಯಕಿ

"ಈಕಿ ಊಟ ಯಾವಾಗ ಮಾಡ್ತಾಳೋ?"

ಹುಮನಾಬಾದ್ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮನೀಷಾ, ಕಾದಂಬರಿಯ ನೂರಾ ಹನ್ನೆರಡನೆಯ ಪುಟದಲ್ಲಿ ಬೆರಳಿಟ್ಟು ಹೀಗೆ ಕೇಳಿದಳು. ಗಟ್ಟಿಯಾಗಿಯೇ ಕೇಳಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

[ಕಥೆಯನ್ನು ಇಲ್ಲಿಂದ ಶುರುಮಾಡಬೇಕೋ ಬೇಡವೋ ಎಂದು ಮೂರು ದಿನ ಕೂತೆ. ಮೊದಲ ಕರಡಿನಲ್ಲಿ ಮಳೆ ಸುರಿಸಿದ್ದೆ. "ಏಪ್ರಿಲ್‌ದಾಗ ಎಲ್ಲಿಂದ ಮಳಿ ತಂದ್ರಿ? ಸೀರಿ ತೊಯ್ಸಿದ್ರಿ," ಎಂದು ಮನೀಷಾ ಬೈದಳು. ಹೊಡೆದುಹಾಕಿದೆ. ಎರಡನೆಯದರಲ್ಲಿ ಅವಳನ್ನು ಸುಂದರಿ ಮಾಡಿದ್ದೆ. ಅದಕ್ಕೆ ಅವಳು ಏನೂ ಅನ್ನಲಿಲ್ಲ. ನಾನೇ ನಾಚಿಕೊಂಡು ತೆಗೆದೆ.]

೧

ಕಾದಂಬರಿ ರಾಜೀವ ಕೊಟ್ಟದ್ದು. "ಓದು, ಇದ್ರಾಗ ನೀನೇ ಇದ್ದಿ," ಎಂದಿದ್ದ. ಆರು ವರ್ಷದಿಂದ ಅವನು ಕರೆದಾಗಲೆಲ್ಲ ಅವಳು ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುತ್ತಾಳೆ. ಕೆಲವು ಸಲ ಅವನೂ ಬರುತ್ತಾನೆ. ಸಿಟ್ಟು ಬಂದರೆ ಅವಳ ನಂಬರ್ ಬ್ಲಾಕ್ ಮಾಡುತ್ತಾನೆ, ಸಿಟ್ಟು ಯಾಕೆಂದು ಹೇಳುವುದಿಲ್ಲ. ಆಮೇಲೆ ಒಂದು ದಿನ, ಏನೂ ಆಗಿಲ್ಲವೆಂಬಂತೆ, "ಎಲ್ಲಿದ್ದಿ?" ಮದುವೆಯ ಮಾತೆತ್ತಿದರೆ, "ಟೈಮ್ ನೋಡಿ ಮನ್ಯಾಗ ಮಾತಾಡ್ತೇನಿ." ಆರು ವರ್ಷದಲ್ಲಿ ಅವನ ಮನೆಯಲ್ಲಿ ಆ ಟೈಮ್ ಬಂದಿಲ್ಲ.

ತನ್ನನ್ನು ಯಾರೋ ಪುಸ್ತಕದಲ್ಲಿ ಬರೆದಿದ್ದಾರೆ ಅಂದರೆ ಯಾರಿಗೆ ಆಸೆಯಾಗುವುದಿಲ್ಲ? ಹುಡುಕಿಕೊಂಡು ಓದಿದಳು. ನಾಯಕಿ ಕಿಟಕಿಯ ಬಳಿ ನಿಂತಿದ್ದಾಳೆ. ಅವನು ಬೈದು ಹೋದ, ನಿಂತಿದ್ದಾಳೆ. ಇನ್ನೊಬ್ಬಳ ಜೊತೆ ಸಿನಿಮಾ ನೋಡಿ ಬಂದ, ನಿಂತಿದ್ದಾಳೆ. ಮುಂಗುರುಳು ಹಾರುತ್ತಿದೆ. ಇಷ್ಟು ಪುಟಗಳಲ್ಲಿ ಒಂದು ತುತ್ತು ತಿಂದಿಲ್ಲ, ಕಾಲು ನೋಯುತ್ತದೆಂದು ಕೂತಿಲ್ಲ, ಚೀಲ ಕಾಯುವವರಿಲ್ಲದೆ ಅದನ್ನೂ ಹೊತ್ತುಕೊಂಡು ಪಾಯಖಾನೆಗೆ ಹೋಗುವ ಕಷ್ಟ ಅವಳಿಗೆ ಬಂದೇ ಇಲ್ಲ. ಬರೆದವರು ಇದನ್ನು ಪ್ರೇಮದ ತಪಸ್ಸು ಅನ್ನುತ್ತಾರೆ.

ಮನೀಷಾಳ ಚೀಲದಲ್ಲಿ ಡಬ್ಬಿಯಿತ್ತು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹನ್ನೊಂದಕ್ಕೆ ಬರುತ್ತೇನೆಂದವನು ಎರಡು ಗಂಟೆಗೆ "ಐದು ಮಿನಿಟ್" ಎಂದು ಮೆಸೇಜ್ ಹಾಕಿದ್ದ. ಬಂದ ಮೇಲೆ ಇಬ್ಬರೂ ಕೂಡಿ ಉಣ್ಣಬೇಕು. ನಾಲ್ಕೂವರೆಯ ಬಸ್ಸಿಗೆ ಅವಳು ಡಬ್ಬಿ ಬಿಚ್ಚದೆಯೇ ಮರಳಿದಳು.

೨

ಮನೆಯಲ್ಲಿ ಇಬ್ಬರೇ. ಸೀರೆಗೆ ಫಾಲ್ ಹಚ್ಚಿ ದುಡಿಯುವ ಮನೀಷಾ, ಅವಳನ್ನು ಸಾಕಿದ ಸೋದರತ್ತೆ ಸೂಗಮ್ಮ. ಹುಮನಾಬಾದಿಗೆ ಯಾಕೆ ಎಂದರೆ ಅತ್ತೆಗೆ ಹೇಳುವುದು ಒಂದೇ ಮಾತು: ದಾರ ತರಲು.

ಸೂಗಮ್ಮನಿಗೆ ಅಕ್ಷರ ಬರುವುದಿಲ್ಲ. ಆದರೆ ನಲವತ್ತು ಶ್ರಾವಣ ಮಠದ ಪುರಾಣದಲ್ಲಿ ಮುಂದಿನ ಸಾಲಿನಲ್ಲಿ ಕೂತವಳು. ಅಲ್ಲಿ ಒಬ್ಬರು ಪದ್ಯ ಹಾಡುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಕೇಳುವವರಲ್ಲಿ ಒಬ್ಬರು "ಹೂಂ" ಅನ್ನುತ್ತಾರೆ. ಹೂಂ ಬೀಳದೆ ಕಥೆ ಮುಂದೆ ಹೋಗುವ ಹಾಗಿಲ್ಲ. ಆ ಹೂಂ ಅನ್ನುವ ಕೆಲಸ ಸೂಗಮ್ಮನದು. ಈಗ ಕಣ್ಣಿನ ಆಪರೇಷನ್ ಆಗಿ, ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲೇ ಕೂತು ಬೇಜಾರಾಗಿ, "ಏನರೆ ಓದವ್ವ," ಎಂದಳು. ಮನೆಯಲ್ಲಿದ್ದದ್ದು ಇದೊಂದೇ ಪುಸ್ತಕ.

ಹೀಗೆ ದಿನಾ ಸಂಜೆ ದೀಪ ಹಚ್ಚಿ, ವಿಭೂತಿ ಹಚ್ಚಿಕೊಂಡು, ಸೂಗಮ್ಮ ಪ್ರೇಮ ಕಾದಂಬರಿಗೆ ಕೈಮುಗಿದು ಕೂರತೊಡಗಿದಳು.

"ಅವಳು ಕಾದಳು," ಎಂದು ಮನೀಷಾ ಓದಿದಳು.

"ಹೂಂ."

"ಅವನು ಬರಲಿಲ್ಲ."

"ಹೂಂ."

"ಅವಳು ಕಾದಳು."

"ಇದು ನಿನ್ನಿ ಓದಿದ್ದಲ್ಲೇನ?"

"ಮತ್ತ ಕಾಯಾಕತ್ತಾಳ, ಅತ್ತಿ."

"ಆಂವ ಬರಲಿಲ್ಲಂದ್ರ ಮನಿಗಿ ಹೋಗಬೇಕಿಲ್ಲ?"

"ಅದು ಪ್ರೀತಿ. ನಿನಗ ತಿಳ್ಯಂಗಿಲ್ಲ."

"ಪ್ರೀತಿಗಿ ಕಡೀ ಬಸ್ ಇರಂಗಿಲ್ಲೇನ? ಇರಲಿ, ಓದು. ಹೂಂ."

[ಪುರಾಣ ಕೇಳುತ್ತ ಬೆಳೆದ ನನಗೂ ಈ ಕಾದಂಬರಿ ಬೇಸರ ತಂದಿದೆ. ಅಲ್ಲಿ ಭಕ್ತೆ ಕಾದರೆ ಕೈಲಾಸದಲ್ಲಿ ಶಿವನಿಗೂ ತಳಮಳ. ಇಲ್ಲಿ ಕಾಯಿಸುವವನಿಗೆ ಸೊಗಸಾದ ನಿದ್ದೆ.]

೪

[ಮೂರನೆಯ ಭಾಗವನ್ನು ತೆಗೆದೆ. ಅದರಲ್ಲಿ ಮನೀಷಾ ರಾಜೀವನ ಕಪಾಳಕ್ಕೆ ಹೊಡೆಯುತ್ತಿದ್ದಳು, ಕಂಡಕ್ಟರ್ ಚಪ್ಪಾಳೆ ತಟ್ಟುತ್ತಿದ್ದ.]

"ಯಾರ ಕೈರೀ ಅದು?" ಎಂದಳು ಮನೀಷಾ. "ನಂದಂತೂ ಅಲ್ಲ."

ಹಾಗಾದರೆ ಇನ್ನೊಂದು ಮುಕ್ತಾಯವಿದೆ, ಎಂದೆ. ರಾಜೀವ ಬದಲಾಗಿ, ನಿಮ್ಮತ್ತೆಯ ಮುಂದೆ ಬಂದು ನಿಂತು ಹೆಣ್ಣು ಕೇಳುತ್ತಾನೆ.

ಅವಳು ಹಲ್ಲಿನಿಂದ ದಾರ ಕಡಿದಳು. "ಅದನ್ನ ಬರೀಬ್ಯಾಡ್ರಿ. ನಾ ನಂಬಿಬಿಡ್ತೇನಿ."

ಮತ್ತೇನು ಬರೆಯಲಿ?

"ಆಂವನ ಗಾಡಿ ಸಪ್ಪಳ ಬರೀರಿ. ಸ್ಟ್ಯಾಂಡಿನ್ಯಾಗ ನೂರು ಗಾಡಿ ಬರಲಿ, ಆಂವಂದು ಯಾವ್ದಂತ ನನಗ ಗೊತ್ತಾಗ್ತದ. ಮೂರು ತಾಸಿನ ಸಿಟ್ಟು ಆ ಸಪ್ಪಳಕ್ಕ ಇಳದು ಹೋಗ್ತದ. ಬಂದು ಜರಾ ನಗ್ತಾನಲ್ರೀ, ಅಷ್ಟಕ್ಕೇ ಮತ್ತ ಆರು ತಿಂಗಳು ತಡಕೋತೇನಿ. ಆ ಪುಸ್ತಕದಾಗ ಇದೊಂದೂ ಇಲ್ಲ. ಬರೇ ಮುಂಗುರುಳು!"

ಬರೆದು ನೋಡಿದೆ, ಓದುಗರೇ. ನಾಲ್ಕು ಹಾಳೆ ಬರೆದೆ. ಆ ಗಾಡಿ ನನ್ನ ವಾಕ್ಯದ ಹತ್ತಿರ ಬಂದಂತೆ ಮಾಡಿ, ಹೈವೇ ಕಡೆ ತಿರುಗಿಬಿಟ್ಟಿತು. ಅವಳಿಗೂ ಹಾಗೆಯೇ ಆಗುತ್ತದಂತೆ.

೫

ಹದಿನೆಂಟು ದಿನ ಬ್ಲಾಕ್ ಮಾಡಿದ ಮೇಲೆ ಒಂದು ಶನಿವಾರ ಸಂಜೆ ಮೆಸೇಜ್ ಬಂತು: "ನಾಳಿ ಹನ್ನೊಂದಕ್ಕ ಬಾ."

ಕಾದಂಬರಿಯಲ್ಲಿ ಒಂದೇ ಪುಟ ಉಳಿದಿತ್ತು. ಅದನ್ನು ಮನೀಷಾ ಮೊದಲೇ ಕದ್ದು ಓದಿದ್ದಳು. ಓದಿ, ಛೀ ಎಂದಿದ್ದಳು. ಆಮೇಲೆ ಮತ್ತೆ ನಾಲ್ಕು ಸಲ ಓದಿದ್ದಳು. ಈಗ ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡಳು: ನಾಯಕಿ ಬಾಗಿಲು ತೆರೆಯುವ ಸಾಲಿಗೆ ಅತ್ತೆ ಹೂಂ ಅಂದರೆ ನಾಳೆ ಹೋಗುವುದು, ಅನ್ನದಿದ್ದರೆ ಇಲ್ಲ. ಸುಲಭದ ಕರಾರೇ. ನಲವತ್ತು ವರ್ಷದಲ್ಲಿ ಯಾವ ಕಥೆಗೂ ತಪ್ಪದ ಹೂಂ ಅದು.

"ಅವನು ಬಾಗಿಲು ಬಡಿದ."

"ಹೂಂ."

"ಇಷ್ಟು ದಿನ ಎಲ್ಲಿದ್ದೆ ಎಂದು ಅವಳು ಕೇಳಲಿಲ್ಲ."

ಸ್ವಲ್ಪ ತಡೆದು, "ಹೂಂ."

"ಅವಳು ಬಾಗಿಲು ತೆರೆದು ಅವನ ಎದೆಗೊರಗಿದಳು."

ಸದ್ದಿಲ್ಲ.

"ಅತ್ತಿ, ನಿದ್ದಿ ಬಂತೇನ?"

"ಇಲ್ಲ."

"ಮತ್ಯಾಕ ಸುಮ್ಮ ಕುಂತಿ?"

ಸೂಗಮ್ಮನ ಕಪ್ಪು ಕನ್ನಡಕ ಅಡುಗೆಮನೆಯತ್ತ ತಿರುಗಿತ್ತು. ಅಲ್ಲಿ ಡಬ್ಬಿಯನ್ನು ತೊಳೆದು ಬೋರಲು ಹಾಕಿತ್ತು. "ಕಲ್ಯಾಣದಾಗ ದಾರ ಸಿಗಂಗಿಲ್ಲೇನ ಅಂತ ನಿನಗ ಎಂದಾರ ಕೇಳೇನೇನ?" ಎಂದಳು. "ನೀ ಹೋದಾಗೆಲ್ಲ ಆ ಡಬ್ಬಿ ತುಂಬಿದ್ದು ತುಂಬೇ ವಾಪಸ್ ಬರ್ತದ. ಆ ರೊಟ್ಟಿ ಮಜ್ಜಿಗ್ಯಾಗ ಮುರಕೊಂಡು ನಾ ಉಣ್ತೇನಿ. ಆರು ವರ್ಷ ಆತು. ಒಂದಿನಾರ ಬಾಯಿ ಬಿಟ್ಟೇನೇನ?"

ಮನೀಷಾ ಪುಟದಿಂದ ಕಣ್ಣೆತ್ತಲಿಲ್ಲ. ಹೊರಗೆ ರಸ್ತೆಯಲ್ಲಿ ಒಂದು ಗಾಡಿ ಹೋಯಿತು. ಅವನದಲ್ಲವೆಂದು ಗೊತ್ತಿದ್ದೂ, ಅದು ಪೂರ್ತಿ ದೂರವಾಗುವ ತನಕ ಕೇಳಿಸಿಕೊಂಡಳು.

[ಮುಕ್ತಾಯ ಕೊಡಬೇಕಾದ ಜಾಗ ಇದು. ನಾಳೆ ಒಂಬತ್ತೂವರೆಗೆ ಹುಮನಾಬಾದಿನ ಬಸ್ಸಿದೆ. ಅವಳು ಹತ್ತುವಂತೆ ಒಮ್ಮೆ ಬರೆದೆ, ಹತ್ತದಂತೆ ಒಮ್ಮೆ ಬರೆದೆ. ಎರಡರಲ್ಲೂ ಡಬ್ಬಿ ಬಿಚ್ಚಲಿಲ್ಲ. ನೀವಾದರೂ ಹೂಂ ಅನ್ನುತ್ತೀರೇನೋ ಎಂದು ನಿಮ್ಮ ಮುಖ ನೋಡಿದೆ. ಆದರೆ ಈ ಮನೆಯಲ್ಲಿ ಆ ಕೆಲಸ ನಿಮ್ಮದಲ್ಲ, ನನ್ನದೂ ಅಲ್ಲ.]

"ಇನ್ನೊಂದೇ ಸಾಲು ಉಳದದ, ಅತ್ತಿ." ಮನೀಷಾ ಆ ಸಾಲಿನ ಮೇಲೆ ಬೆರಳಿಟ್ಟಳು. "ನನ್ನ ಸಲುವಾಗಿ. ಒಂದೇ ಒಂದು ಸಲ ಹೂಂ ಅನ್ನು."

"ಅನ್ನಂಗಿಲ್ಲ," ಎಂದಳು ಸೂಗಮ್ಮ.