ಕುಳ್ಳನ ಹೆಣಕ್ಕೆ ಮೂರು ಪ್ರಶ್ನೆ

ಡ್ರ್ಯಾಗನ್ ಅಷ್ಟು ಬೇಗ ಸಾಯಬಾರದಿತ್ತು. ವರ್ಷವಿಡೀ ಆಟ ಎಳೆಯಬಹುದೆಂದು ನಡುವಿನವಳು ಅದನ್ನು ಏಳು ಬೆಟ್ಟಗಳ ಆಚೆ ಒಂದು ಗುಹೆಯಲ್ಲಿ ಮಲಗಿಸಿ ನೆಮ್ಮದಿಯಾಗಿದ್ದಳು. ಆದರೆ ಮಾಂತ್ರಿಕ ಒಂದು ಅಡ್ಡದಾರಿ ಕೇಳಿದ, ದಾಳ ಕೊಟ್ಟುಬಿಟ್ಟಿತು. ಒಳಗೆ ನುಗ್ಗಿದ ಕಳ್ಳಿ ರಾಶಿ ಬಿದ್ದ ಚಿನ್ನವನ್ನು ಬಿಟ್ಟು ಡ್ರ್ಯಾಗನ್ನಿನ ಹೊಟ್ಟೆಯೊಳಗಿನ ಬೆಂಕಿಯನ್ನೇ ಕದಿಯುತ್ತೇನೆ ಎಂದಳು. ಇಪ್ಪತ್ತು ಮುಖದ ದಾಳ ಉರುಳಿ ಉರುಳಿ ಇಪ್ಪತ್ತಕ್ಕೇ ನಿಂತಿತು. ಬೆಂಕಿ ಕಳೆದುಕೊಂಡ ಡ್ರ್ಯಾಗನ್ ನಾಲ್ಕು ಸಲ ಸೀನಿ ಶೀತದಿಂದ ಸತ್ತುಹೋಯಿತು.

ಮೇಜಿನ ಸುತ್ತ ಚಪ್ಪಾಳೆ ಬಿತ್ತು. ನಡುವಿನವಳು ಮಾತ್ರ ಕೈ ತಟ್ಟಲಿಲ್ಲ. ಕಥೆ ಮುಗಿದರೆ ಅವಳ ಅಣ್ಣ ತಮ್ಮಂದಿರ ಮಾತೂ ಮುಗಿಯುತ್ತದೆ.

ಮೂರು ಮಕ್ಕಳಲ್ಲಿ ಎರಡನೆಯವಳಾದ್ದರಿಂದ ಅವಳು ಹುಟ್ಟಿನಿಂದಲೇ ನಡುವಿನವಳು. ಈಚಿನ ಆರು ವರ್ಷಗಳಿಂದ ಅದು ಅವಳ ಉದ್ಯೋಗವೂ ಆಗಿಬಿಟ್ಟಿತ್ತು. ಹೊಟ್ಟೆಪಾಡಿಗೆ ಅವಳು ಫಿಸಿಯೋಥೆರಪಿಸ್ಟ್, ಊರವರ ಬಗ್ಗದ ಮೊಣಕಾಲುಗಳನ್ನು ಬಗ್ಗಿಸುವವಳು. ಮನೆಯ ಎರಡು ಬಗ್ಗದ ಕುತ್ತಿಗೆಗಳ ಮುಂದೆ ಅವಳ ವಿದ್ಯೆ ನಡೆಯುತ್ತಿರಲಿಲ್ಲ.

ಅಪ್ಪ ಬಿಟ್ಟುಹೋದ ಕನ್ನಡಕದಂಗಡಿಯನ್ನು ಅಣ್ಣ ತಮ್ಮ ಸೇರಿ ನಡೆಸುತ್ತಿದ್ದರು. ಸೇರಿ ಎಂಬ ಮಾತನ್ನು ಸ್ವಲ್ಪ ಧಾರಾಳವಾಗಿ ಅರ್ಥ ಮಾಡಿಕೊಳ್ಳಬೇಕು. ಮುಂದಿನ ಕೌಂಟರಿನಲ್ಲಿ ಫ್ರೇಮು ತೋರಿಸುತ್ತಿದ್ದವನು ತಮ್ಮ, ಗಾಜಿನ ಅಡ್ಡಗೋಡೆಯ ಹಿಂದೆ ಅಣ್ಣ ಮಸೂರ ಉಜ್ಜುತ್ತಿದ್ದ. ಒಬ್ಬನ ಮಾತು ಇನ್ನೊಬ್ಬನಿಗೆ ಮುಟ್ಟಬೇಕಾದರೆ ಗಿರಾಕಿಯೇ ಗತಿ.

"ಎಡಗಣ್ಣಿನ ಗಾಜು ದಪ್ಪ ಇದೆ, ಈ ಸಣ್ಣ ಫ್ರೇಮಿಗೆ ಕೂರಲ್ಲ ಅಂತ ಅವ್ರಿಗೆ ಹೇಳಿ," ಎಂದು ಒಳಗಿನಿಂದ ಅಣ್ಣ.

ಗಿರಾಕಿ ಪಾಪ, ಕನ್ನಡಕವಿಲ್ಲದೆ ತಡವರಿಸುತ್ತ ಮೂರು ಹೆಜ್ಜೆ ಈಚೆ ಬಂದು ಅದನ್ನೇ ಒಪ್ಪಿಸುತ್ತಿದ್ದರು.

"ಕೂರಿಸೋಕೆ ಬರೋರಿಗೆ ಕೂರುತ್ತೆ ಅಂತ ಹೇಳಿ," ಎಂದು ತಮ್ಮ.

ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡ ರಾತ್ರಿ ತಮ್ಮ ಊರಲ್ಲಿರಲಿಲ್ಲ, ಫ್ರೇಮು ಖರೀದಿಗೆಂದು ಹೋಗಿದ್ದ. ಅಣ್ಣ ಅವನಿಗೆ ಫೋನ್ ಮಾಡಿದ್ದು ಮರುದಿನ ಮಧ್ಯಾಹ್ನ. ಅವನು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾಕೆ ಎಂದು ತಮ್ಮ ಒಂದೇ ಸಲ ಕೇಳಿದ. ಅಣ್ಣ ಉತ್ತರ ಕೊಡಲಿಲ್ಲ. ಅಂದಿನಿಂದ ಇಬ್ಬರ ಬಾಯಿಗೂ ಬೀಗ.

ಈ ಆಟವನ್ನು ನಡುವಿನವಳಿಗೆ ಕಲಿಸಿದ್ದು ತೊಡೆಮೂಳೆ ಮುರಿದುಕೊಂಡಿದ್ದ ಒಬ್ಬ ರೋಗಿ. ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರ ಆಗಬೇಕು. ಒಬ್ಬರು ಕಥೆ ನಡೆಸಬೇಕು. ಪಾತ್ರ ಗೆಲ್ಲುತ್ತದೋ ಮುಗ್ಗರಿಸುತ್ತದೋ ಎಂಬುದನ್ನು ದಾಳ ಹೇಳುತ್ತದೆ. ಇಷ್ಟೇ ಆಟ. ಕೈಕಾಲು ಹಿಡಿದು, ಗದರಿಸಿ, ಒಂದೇ ಒಂದು ಭಾನುವಾರ ಎಂದು ಆಣೆ ಹಾಕಿ ಅವಳು ಇಬ್ಬರನ್ನೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿದಳು. ಅಣ್ಣ ಕೊಡಲಿ ಹಿಡಿದ ಕುಳ್ಳನಾದ. ತಮ್ಮ ಮಾಂತ್ರಿಕನಾದ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಕಳ್ಳಿಯಾಗಲು ತುದಿಗಾಲಲ್ಲಿ ನಿಂತಿದ್ದಳು. ನಾಲ್ಕನೆಯವನು ಎದುರುಮನೆಯ ಲಿಫ್ಟ್ ಮೆಕ್ಯಾನಿಕ್, ಅವನದು ಧರ್ಮಯೋಧನ ಪಾತ್ರ. ನಿಯಮ ಒಂದು ನೂಲು ಸಡಿಲವಾದರೂ ಎಂಟನೇ ಮಹಡಿಯಿಂದ ನೇರ ನೆಲಕ್ಕೆ ಎಂದು ನಂಬಿದ್ದ ಅವನಿಗೆ ಕೇರಿಯವರು ಕಾಯಿದೆ ಎಂದೇ ಹೆಸರಿಟ್ಟಿದ್ದರು.

ಆ ಮೊದಲ ಭಾನುವಾರ, ಕತ್ತಲೆ ಸುರಂಗದೊಳಗೆ, ಕುಳ್ಳ ಗಂಟಲು ಸರಿಮಾಡಿಕೊಂಡು ನಾಟಕದ ಧಾಟಿಯಲ್ಲಿ, "ಎಲೈ ಮಾಂತ್ರಿಕನೇ, ನಿನ್ನ ಪಂಜನ್ನು ಕೊಂಚ ಮೇಲೆತ್ತುವೆಯಾ?" ಎಂದುಬಿಟ್ಟ. ಅತ್ತಿಗೆಯ ಕೈಯಿಂದ ಲೋಟ ಜಾರಿತು. ಮಾಂತ್ರಿಕ ಖಾಲಿ ಮುಷ್ಟಿಯನ್ನು ಮೇಲೆತ್ತಿ, "ಎತ್ತಿದೆನು, ಕುಳ್ಳರ ಒಡೆಯನೇ," ಎಂದ. ನಡುವಿನವಳು ಮೂಗೊರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಆಮೇಲೆ ವಾರವಿಡೀ ಕೂಡಿಟ್ಟ ವ್ಯವಹಾರವೆಲ್ಲ ಭಾನುವಾರ ಗುಹೆಗಳಲ್ಲಿ ಇತ್ಯರ್ಥವಾಗತೊಡಗಿತು. ರಾಕ್ಷಸರು ಈಟಿ ಹಿಡಿದು ಮೇಲೆ ಬೀಳುತ್ತಿದ್ದರೂ ಕುಳ್ಳ ಕೊಡಲಿ ಬೀಸುತ್ತ, "ಮಾಂತ್ರಿಕನೇ, ಮಹಡಿಯ ನೀರಿನ ಟ್ಯಾಂಕು ಸೋರುತ್ತಿದೆಯೆಂದು ಪರ್ವತದ ಆತ್ಮಗಳು ಪಿಸುಗುಡುತ್ತಿವೆ," ಎನ್ನುತ್ತಿದ್ದ. ಮಾಂತ್ರಿಕ ಮಿಂಚು ಬಿಡುತ್ತ, "ಪ್ಲಂಬರನಿಗೆ ಗರುಡನ ಮೂಲಕ ಸಂದೇಶ ಹೋಗಿದೆ, ಮಂಗಳವಾರ ಬರುವನಂತೆ," ಎನ್ನುತ್ತಿದ್ದ. ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಮತ್ತೆ ಗಿರಾಕಿಗಳೇ ಅಂಚೆಯವರು.

ಈಗ ಡ್ರ್ಯಾಗನ್ ಸತ್ತಿತ್ತು. ಕುಳ್ಳನೂ ಮಾಂತ್ರಿಕನೂ ಮುಖ ಮುಖ ನೋಡಿಕೊಂಡು, ಬಾಯಿ ಮುಚ್ಚಿಕೊಂಡು, ಅಣ್ಣ ತಮ್ಮಂದಿರಾಗಿ ಎದ್ದುಹೋದರು.

ಮುಂದಿನ ಆಟ ಯಾವುದು ಎಂಬುದು ಉಳಿದವರಿಗೆ ಮೋಜಿನ ವಿಷಯ, ನಡುವಿನವಳಿಗೆ ಪ್ರಾಣಸಂಕಟ. ಆ ವಾರ ಅವಳು ಒಂದು ಕೈಯಲ್ಲಿ ರೋಗಿಯ ಕಾಲೆತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸಾಹಸಕಥೆಗಳ ಪುಸ್ತಕ ಓದಿದಳು. ಒಂದರಲ್ಲಿ ತಂಡ ಎರಡು ಹಡಗುಗಳಲ್ಲಿ ಹಂಚಿಹೋಗುತ್ತಿತ್ತು, ಬೇಡವೇ ಬೇಡ. ಇನ್ನೊಂದರಲ್ಲಿ ಎಲ್ಲರೂ ಮೌನವ್ರತದ ಸನ್ಯಾಸಿಗಳು. ಅದನ್ನು ಬರೆದವನಿಗೆ ಅವಳು ಮನಸ್ಸಿನಲ್ಲೇ ಎರಡು ಬಿಟ್ಟಳು. ಮತ್ತೊಂದರಲ್ಲಿ ಅರಮನೆಯ ಬಂಧುಗಳು ಒಬ್ಬರ ಬೆನ್ನಿಗೊಬ್ಬರು ಚೂರಿ ಹಾಕಬೇಕು. ಅದಕ್ಕೆ ಪುಸ್ತಕ ಬೇರೆ ಕೇಡು. "ಅಮ್ಮಾ, ಕಾಲು ಇಳಿಸ್ಬಹುದಾ?" ಎಂದು ರೋಗಿ ನರಳಿದ ಮೇಲೇ ಅವಳಿಗೆ ಕೈಯಲ್ಲೊಂದು ಕಾಲಿರುವುದು ನೆನಪಾಗುತ್ತಿದ್ದುದು.

ಅವಳಿಗೆ ಬೇಕಾದದ್ದು ಮುಗಿಯದ ಕಥೆ, ಯಾರೂ ಸಾಯದ ನಿಯಮ. ಪಾತ್ರ ಸತ್ತರೆ ಆ ಅಣ್ಣನಿಗೋ ತಮ್ಮನಿಗೋ ಬಾಯಿಯೇ ಹೋದಂತೆ. ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದರೆ ಇಬ್ಬರೂ ನಾಚಿಕೊಂಡು ಭಾನುವಾರವನ್ನೇ ನಿಲ್ಲಿಸಿಬಿಡುವ ಜಾತಿ.

ಶನಿವಾರ ಸಂಜೆ ನಿಯಮ ಆರಿಸಲು ಎಲ್ಲರೂ ಸೇರಿದರು. ಅವಳು ತೆಳ್ಳನೆಯ, ಹೂವಿನ ರಕ್ಷಾಪುಟದ ಪುಸ್ತಕವೊಂದನ್ನು ಮುಂದಿಟ್ಟಳು. "ಇದ್ರಲ್ಲಿ ಯಾರೂ ಸಾಯಲ್ಲ. ಏಟು ಬಿದ್ರೆ ಬೇಜಾರಾಗುತ್ತೆ, ಅಷ್ಟೇ."

"ಕದಿಯೋಕೆ ಬಿಡ್ತಾರಾ?" ಎಂದಳು ಅತ್ತಿಗೆ.

"ಕೇಳಿ ತಗೋಬೇಕಂತೆ."

"ಥೂ," ಎಂದು ಅತ್ತಿಗೆ ಮುಖ ತಿರುಗಿಸಿದಳು.

ಕಾಯಿದೆ ತನ್ನ ಚೀಲದಿಂದ ಇಟ್ಟಿಗೆಯಂಥ ಪುಸ್ತಕ ತೆಗೆದು ಧೊಪ್ಪೆಂದು ಇಟ್ಟ. ಅದರಲ್ಲಿ ಸೀನಿಗೊಂದು ನಿಯಮ, ಆಕಳಿಕೆಗೊಂದು ನಿಯಮ, ಒದ್ದೆ ನೆಲಕ್ಕೊಂದು, ಒದ್ದೆ ಕಾಲ್ಚೀಲಕ್ಕೊಂದು. "ಇದು ಶಾಸ್ತ್ರ. ದಾಳ ಎಲ್ಲರೆದುರಿಗೆ ಉರುಳ್ಬೇಕು. ಕಥೆ ನಡೆಸೋರು ಮರೆಯಲ್ಲಿ ಉರುಳಿಸಿ ಕರುಣೆ ತೋರ್ಸೋ ಹಾಗಿಲ್ಲ," ಎಂದು ಅವಳ ಕಡೆ ಅರ್ಥಗರ್ಭಿತವಾಗಿ ನೋಡಿದ. ಅವಳು ಕುಳ್ಳನನ್ನು ಎಷ್ಟು ಸಲ ಮರೆಯಲ್ಲಿ ಬದುಕಿಸಿದ್ದಳೆಂದು ಅವನಿಗೆ ಗೊತ್ತಿತ್ತು.

ಅಣ್ಣ ಸುಮ್ಮನೆ ಪುಟ ತಿರುಗಿಸುತ್ತಿದ್ದವನು ಒಂದೆಡೆ ನಿಂತ. ಗಾಜು ಉಜ್ಜುವುದಕ್ಕೂ ಅಲ್ಲಿ ನಿಯಮವಿತ್ತು, ಮರಳಿನ ನುಣುಪಿನ ಸಮೇತ. ಅವನು ಕೈ ಎತ್ತಿದ. ಆ ಪುಸ್ತಕವನ್ನು ತಮ್ಮ ಎಳೆದುಕೊಂಡು ಚೌಕಾಸಿಯ ಅಧ್ಯಾಯ ನೋಡಿದ, ಅವನೂ ಕೈ ಎತ್ತಿದ. ಆರು ವರ್ಷಗಳಲ್ಲಿ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಅದೂ ಇಬ್ಬರನ್ನೂ ಕೊಲ್ಲಬಲ್ಲ ಪುಸ್ತಕಕ್ಕೆ. ಬೇಡ ಎನ್ನಲು ಅವಳಿಗೆ ಯಾವ ಬಾಯಿ?

"ಆಯ್ತು. ಕಥೆ ಮಾತ್ರ ನಾನು ಆರಿಸ್ತೀನಿ," ಎಂದು ಅವಳು ಪಟ್ಟು ಹಿಡಿದಳು. ತಳವಿಲ್ಲದ ಮೆಟ್ಟಿಲು ಎಂಬ ಸಾಹಸವನ್ನು ಆರಿಸಿದಳು. ಇಳಿಯುತ್ತ ಹೋಗುವುದೇ ಕಥೆ. ಮುಗಿಯುವುದೇ ಇಲ್ಲ ಎಂದು ಬೆನ್ನಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಇನ್ನು ಹತ್ತು ವರ್ಷ ಯೋಚನೆಯಿಲ್ಲ ಎಂದು ಅವಳು ಉಸಿರು ಬಿಟ್ಟಳು.

ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಇಳಿಸಿ ಎಲ್ಲರೂ ಕೂತರು. ಅವಳು ದನಿ ತಗ್ಗಿಸಿ ಶುರು ಮಾಡಿದಳು. ಭೂಮಿ ಬಾಯಿ ತೆರೆದಿದೆ. ಪಾಚಿಗಟ್ಟಿದ ಕಲ್ಲಿನ ಮೆಟ್ಟಿಲುಗಳು ಕತ್ತಲೆಗೆ ಇಳಿದಿವೆ. ಯಾರು ಮುಂದೆ?

"ನಾನು," ಎಂದ ಕುಳ್ಳ. "ಮಾಂತ್ರಿಕನೇ, ನನ್ನ ಹಿಂದೆಯೇ ಬಾ. ಹಿಂದಿನ ಷಟರಿನ ಬೀಗದ ಕೈ ಕುರಿತು ಒಂದು ಮಾತು..."

"ಪಾಚಿ ಅಂದ್ರಲ್ಲ?" ಎಂದ ಕಾಯಿದೆ. ಪುಟ ತಿರುವಿ ಬೆರಳಿಟ್ಟ. "ಜಾರುವಿಕೆಯ ಕೋಷ್ಟಕ. ದಾಳ ಉರುಳಿಸಿ."

"ಮೊದಲ್ನೇ ಮೆಟ್ಟಿಲಲ್ವಾ, ಪರ್ವಾಗಿಲ್ಲ ಬಿಡೋ," ಎಂದಳು ನಡುವಿನವಳು.

"ಜನ ಬೀಳೋದೇ ಮೊದಲ್ನೇದ್ರಲ್ಲಿ."

ಅಣ್ಣ ದಾಳ ಎಸೆದ. ಒಂದು. ಇನ್ನೊಮ್ಮೆ ಎಸೆಯಬೇಕೆಂದಿತ್ತು, ಎಸೆದ. ಮತ್ತೆ ಒಂದು. ಕಾಯಿದೆ ಕೋಷ್ಟಕದಿಂದ ಕೋಷ್ಟಕಕ್ಕೆ, ತಲೆಯ ಏಟು, ಕುತ್ತಿಗೆಯ ಕೋನ, ಹೆಲ್ಮೆಟ್ಟಿನ ಪಟ್ಟಿ ಎಂದು ಹುಡುಕುತ್ತ ಹೋದ. ಕೊನೆಗೆ ಕನ್ನಡಕ ತೆಗೆದು ತಲೆ ತಗ್ಗಿಸಿದ. ಆ ಕನ್ನಡಕ ಇದೇ ಅಂಗಡಿಯದು.

"ಹೋಗ್ಬಿಟ್ಟ," ಎಂದ.

ತಳವಿಲ್ಲದ ಮೆಟ್ಟಿಲಿನ ಮೊದಲನೇ ಮೆಟ್ಟಿಲಲ್ಲಿ, ಟೀ ಲೋಟ ಖಾಲಿಯಾಗುವ ಮುಂಚೆ, ಕುಳ್ಳರ ಒಡೆಯ ತೀರಿಕೊಂಡಿದ್ದ.

"ಹೊಸ ಪಾತ್ರ ಮಾಡ್ಕೊಳ್ಳಿ," ಎಂದಳು ಅತ್ತಿಗೆ.

"ತಂಡ ಊರಿಗೆ ವಾಪಸ್ ಬಂದ್ಮೇಲೆ ಹೊಸ ಪಾತ್ರ. ಅಲ್ಲೀವರೆಗೂ ಸತ್ತೋರು ಮಾತಾಡೋ ಹಾಗಿಲ್ಲ," ಎಂದ ಕಾಯಿದೆ. ಹೇಳಿದ ಮೇಲೆ ಅವನಿಗೇ ಹೊಳೆದಿರಬೇಕು, ಈ ಕಥೆಯಲ್ಲಿ ವಾಪಸ್ ಬರುವುದೇ ಇಲ್ಲ. ದನಿ ಸಣ್ಣದಾಯಿತು.

ನಡುವಿನವಳಿಗೆ ತಾನೇ ತೋಡಿದ ಹಳ್ಳದ ಆಳ ಕಂಡಿತು. ಹತ್ತು ವರ್ಷ ಮಾತಾಡಲೆಂದು ಆರಿಸಿದ ಕಥೆ ಅಣ್ಣನನ್ನು ಹತ್ತು ವರ್ಷಕ್ಕೆ ಮೂಕನನ್ನಾಗಿ ಮಾಡಿತ್ತು. ಅಣ್ಣ ಜೇಬಿನಿಂದ ಗಾಜೊರೆಸುವ ಬಟ್ಟೆ ತೆಗೆದು ದಾಳವನ್ನು ಒರೆಸಿ, ಮೇಜಿನ ಮೇಲಿಟ್ಟು, ಕುರ್ಚಿ ಹಿಂದೆ ಸರಿಸಿದ.

"ತಾಳಿ," ಎಂದ ತಮ್ಮ. ಯಾರಿಗೆ ಎಂದು ಹೇಳಲಿಲ್ಲ. ಕಾಯಿದೆಯ ಕೈಯಿಂದ ಪುಸ್ತಕ ಕಿತ್ತುಕೊಂಡು ಮಾಂತ್ರಿಕರ ಅಧ್ಯಾಯವನ್ನು ಬೆರಳು ಒದ್ದೆ ಮಾಡಿಕೊಂಡು ತಿರುವಿದ. ಫ್ಯಾನು ತಿರುಗುತ್ತಿತ್ತು. ಅಣ್ಣ ಅರ್ಧ ಎದ್ದವನು ಅರ್ಧದಲ್ಲೇ ನಿಂತಿದ್ದ.

"ಇಲ್ಲಿದೆ. ಶವಸಂಭಾಷಣೆ. ಮಾಂತ್ರಿಕ ಹೆಣಕ್ಕೆ ಮೂರು ಪ್ರಶ್ನೆ ಕೇಳ್ಬಹುದು. ಹೆಣ ಉತ್ತರ ಕೊಡ್ಲೇಬೇಕು. ಸುಳ್ಳು ಹೇಳೋ ಹಾಗಿಲ್ಲ."

ಕಾಯಿದೆ ಬಗ್ಗಿ ಓದಿದ. "ಇದೆ. ಆದ್ರೆ ಹೆಣ ಬಿಸಿ ಇರ್ಬೇಕು."

"ಈಗಷ್ಟೇ ಬಿದ್ದಿದಾನೆ."

"ನಡೀಲಿ ಹಾಗಾದ್ರೆ."

ಅಣ್ಣ ಕೂತ. ಹೆಣಕ್ಕೆ ತಕ್ಕ ಹಾಗೆ ಕಣ್ಣು ಮುಚ್ಚಿಕೊಂಡ. ಮಾಂತ್ರಿಕ ಕೈ ಮುಂದೆ ಚಾಚಿದ. "ಎಲೈ ಶವವೇ, ಹಿಂದಿನ ಷಟರಿನ ಬೀಗದ ಕೈ ಎಲ್ಲಿದೆ?"

"ಅಯ್ಯೋ ನಿನ್ನ," ಎಂದು ಅತ್ತಿಗೆ ತಲೆ ಚಚ್ಚಿಕೊಂಡಳು.

"ಕೌಂಟರಿನ ಎರಡನೇ ಡ್ರಾಯರಿನಲ್ಲಿದೆ, ಮಾಂತ್ರಿಕನೇ. ಕೆಟ್ಟ ಫ್ರೇಮುಗಳ ಕೆಳಗೆ," ಎಂದಿತು ಹೆಣ.

ಮಾಂತ್ರಿಕನ ಕೈ ನಿಧಾನವಾಗಿ ಕೆಳಗಿಳಿಯಿತು. ಎರಡನೇ ಪ್ರಶ್ನೆಯಲ್ಲಿ ಎಲೈ ಇರಲಿಲ್ಲ.

"ಅವತ್ತು ರಾತ್ರಿ ನಂಗ್ಯಾಕೆ ಫೋನ್ ಮಾಡ್ಲಿಲ್ಲ?"

ಅತ್ತಿಗೆ ನೆಲ ನೋಡಿದಳು. ಅಣ್ಣ ಕಣ್ಣು ತೆರೆಯಲಿಲ್ಲ. ನಡುವಿನವಳು ಬಾಯಿ ಹಾಕಲು ಹೊರಟು ನಾಲಿಗೆ ಕಚ್ಚಿಕೊಂಡಳು. ಕಾಯಿದೆ ಮೆಲ್ಲಗೆ, ಬಹುಶಃ ತನ್ನ ಜೀವಮಾನದಲ್ಲೇ ಅತಿ ಮೆಲ್ಲಗೆ, "ಹೆಣ ಸುಮ್ನಿರೋ ಹಾಗಿಲ್ಲ," ಎಂದ.

"ಫೋನ್ ಕೈಲೇ ಇತ್ತು," ಎಂದ ಅಣ್ಣ. "ನಿನ್ ನಂಬರ್ ಒತ್ತೋದು, ಬಿಡೋದು. ಒತ್ತೋದು, ಬಿಡೋದು. ನಿಂಗೆ ಹೇಳೋವರೆಗೂ ನಮ್ಮಲ್ಲಿ ಒಬ್ಬನಿಗಾದ್ರೂ ಅಪ್ಪ ಇದ್ರಲ್ಲೋ. ಬೆಳಗಾಗೋವರೆಗೂ ಇರ್ಲಿ ಅಂದ್ಕೊಂಡೆ. ಬೆಳಗಾದ್ಮೇಲೆ, ನೀನು ತಿಂಡಿ ತಿನ್ನೋವರೆಗೂ ಇರ್ಲಿ ಅಂದ್ಕೊಂಡೆ. ಆಮೇಲೆ ತಪ್ಪಾಯ್ತು ಅಂತ ಗೊತ್ತಾಯ್ತು. ಅಷ್ಟೊತ್ತಿಗೆ ಹೇಳೋಕೆ ಮುಖ ಇರ್ಲಿಲ್ಲ."

ತಮ್ಮ ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. ಅವನು ಅಳುತ್ತಿದ್ದ, ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ನಡುವಿನವಳಿಗೆ ಇಬ್ಬರನ್ನೂ ತಬ್ಬಿಕೊಳ್ಳಬೇಕೆನಿಸಿತು, ಇಬ್ಬರಿಗೂ ಬಾರಿಸಬೇಕೆಂದೂ ಅನಿಸಿತು.

"ಮೂರನೇದು?" ಎಂದ ಕೊನೆಗೆ ಅಣ್ಣ, ಕಣ್ಣು ಮುಚ್ಚಿಕೊಂಡೇ.

"ಇವತ್ತು ಆಗಲ್ಲ," ಎಂದ ತಮ್ಮ. "ಮುಂದಿನ್ ಭಾನುವಾರ ಕೇಳಿದ್ರೆ ನಡಿಯುತ್ತಾ?"

ಎಲ್ಲರೂ ಕಾಯಿದೆಯ ಕಡೆ ತಿರುಗಿದರು. ಅವನು ಗಂಭೀರವಾಗಿ ಪುಸ್ತಕ ತೆರೆದು, ಆಚೆ ಈಚೆ ಹುಡುಕಿ, "ಹೆಣ ಎಷ್ಟು ಹೊತ್ತು ಬಿಸಿ ಇರುತ್ತೆ ಅಂತ ಇದ್ರಲ್ಲಿ ಬರ್ದೇ ಇಲ್ಲ," ಎಂದ. ಪಕ್ಕದಲ್ಲೇ ಇದ್ದ ನಡುವಿನವಳಿಗೆ ಅವನ ಅಂಗೈ ಪುಟದ ಮೇಲೆ ಅಗಲವಾಗಿ ಹರಡಿದ್ದು ಕಾಣುತ್ತಿತ್ತು. ಬೆರಳ ಸಂದಿಯಲ್ಲಿ, ಹೆಣ ತಣ್ಣಗಾಗುವ ಕೋಷ್ಟಕ ಎಂಬ ಶೀರ್ಷಿಕೆಯೂ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವಳು ಅಂಗಡಿಗೆ ಬಂದಳು. ಯಾರೂ ಸಾಯದ ಆ ಹೂವಿನ ಪುಸ್ತಕ ಕಂಕುಳಲ್ಲಿತ್ತು. ಹೇಗಾದರೂ ಮಾಡಿ ಒಪ್ಪಿಸಲೇಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಕೌಂಟರಿನ ಮುಂದೆ ಗಿರಾಕಿಯೊಬ್ಬರು ಕಿವಿಯ ಹಿಂದೆ ಕನ್ನಡಕದ ಕಡ್ಡಿ ಒತ್ತುತ್ತದೆಂದು ದೂರುತ್ತಿದ್ದರು. ಹಳಬರು. ಕೌಂಟರಿನಲ್ಲಿದ್ದ ತಮ್ಮ ಬಾಯಿ ತೆರೆಯುವ ಮೊದಲೇ, "ಒಳಗಿನೋರಿಗೆ ಏನ್ ಹೇಳ್ಲಿ?" ಎಂದು ಹೊರಟು ನಿಂತರು.

"ನೀವಿರಿ," ಎಂದ ತಮ್ಮ. ಕೌಂಟರಿನ ಹಲಗೆ ಎತ್ತಿ ಒಳಗೆ ಹೋಗಿ ಅಡ್ಡಗೋಡೆಯ ಗಾಜು ತಟ್ಟಿದ.

"ಅಣ್ಣಾ, ಟೀ ಕುಡೀತೀಯಾ?"

ಉಜ್ಜುವ ಯಂತ್ರ ನಿಂತಿತು. ಅಣ್ಣ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ.

"ಇದು ಮೂರನೇ ಪ್ರಶ್ನೆನಾ?"

"ಅಲ್ಲ. ಅದು ಭಾನುವಾರಕ್ಕೆ. ಇದು ಸುಮ್ನೆ ಕೇಳ್ದೆ."

"ಸಕ್ಕರೆ ಕಮ್ಮಿ ಹಾಕಕ್ಕೆ ಹೇಳು."

"ನಂಗೂ ಒಂದು," ಎಂದಳು ಬಾಗಿಲಲ್ಲಿದ್ದ ನಡುವಿನವಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಇನ್ನೂ ಕಡ್ಡಿ ಹಿಡಿದು ನಿಂತಿದ್ದ ಗಿರಾಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು.